ಎರಡು ಊರುಗಳ ನಡುವೆ ತಪ್ಪಿಹೋಗುವ ರೋಗಿ

ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಕಡತಗಳಲ್ಲಿ ವಲಸೆಯ ಊರುಗಳಿಗೆ ಮೂರು ಹಣೆಪಟ್ಟಿಗಳಿವೆ: ಜನ ಬಿಟ್ಟು ಹೋಗುವ ಊರು, ದಾಟಿ ಹೋಗುವ ಊರು, ಹೋಗಿ ಸೇರುವ ಊರು. ಮೊದಲನೆಯದರಲ್ಲಿ ತಿಳಿವಳಿಕೆ ಕೊಡಬೇಕು, ಎರಡನೆಯದರಲ್ಲಿ ಕರಪತ್ರ ಹಂಚಬೇಕು, ಮೂರನೆಯದರಲ್ಲಿ ಕಾಂಡೋಮ್, ಪರೀಕ್ಷೆ, ಚಿಕಿತ್ಸೆ ಒದಗಿಸಬೇಕು. ಸ್ಥೂಲವಾಗಿ ಲೆಕ್ಕ ಹೀಗೆ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಗೆ ಇವುಗಳಲ್ಲಿ ಯಾವುದನ್ನು ಅಂಟಿಸುವುದೆಂದು ಕೇಳಿದರೆ ಕಡತ ಬರೆದವರೂ ತಲೆ ಕೆರೆದುಕೊಳ್ಳಬೇಕು. ಚಿಂಚೋಳಿಯ ತಾಂಡಾಗಳಿಂದ ಜನ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ಮುಂಬೈ–ಚೆನ್ನೈ ಮಾರ್ಗಕ್ಕೆ 1874ರಲ್ಲಿ ನಿಜಾಮನ ಕಾಲದಲ್ಲಿ ಹಾಕಿದ ಸಿಕಂದರಾಬಾದ್ ಹಳಿ ಬಂದು ಕೂಡುತ್ತದೆ. ಈ ಭಾಗದ ದುಡಿಯುವ ಜನರಲ್ಲಿ ಒಮ್ಮೆಯಾದರೂ ಆ ಪ್ಲಾಟ್‌ಫಾರ್ಮಿನಲ್ಲಿ ಗಂಟುಮೂಟೆ ಇಟ್ಟು ರೈಲು ಕಾಯದವರು ಕಡಿಮೆ. ಅದೇ ವಾಡಿಯ, ಸೇಡಂನ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕೆಲಸಕ್ಕೆ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರು ಬಂದಿಳಿಯುತ್ತಾರೆ. ಶಹಾಬಾದಿನ ಕಥೆ ಇನ್ನೊಂದು. ಒಂದು ಕಾಲಕ್ಕೆ ಊರೂರಿನಿಂದ ದುಡಿಯುವವರನ್ನು ಕರೆಸಿಕೊಂಡ ಪಟ್ಟಣ, ಹಳೆಯ ಎಸಿಸಿ ಕಾರ್ಖಾನೆ ಮುಚ್ಚಿದ ಮೇಲೆ ತನ್ನ ಮಕ್ಕಳನ್ನೇ ರೈಲು ಹತ್ತಿಸಿ ಕಳಿಸುತ್ತಿದೆ.

ಹೊರಗೆ ದುಡಿಯುವ ಗಂಡಸಿನ ಲೈಂಗಿಕ ಆರೋಗ್ಯದ ಮಾತು ಬಂದಾಗಲೆಲ್ಲ ನಾವು ಎರಡು ಕಡೆ ಬೆರಳು ತೋರಿಸುತ್ತೇವೆ. ಒಂದು, ಅವನ ನಡತೆ. ಇನ್ನೊಂದು, ನಗರ. ಮೂವತ್ತು ವರ್ಷಗಳ ಅನುಭವ, ಅಧ್ಯಯನ, ಅಂಕಿಅಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡೂ ಅರ್ಧ ಸತ್ಯ. ಅಪಾಯ ಹುಟ್ಟುವುದು ಆ ಗಂಡಸು ಎರಡು ಊರುಗಳ ನಡುವೆ ಬದುಕುತ್ತಾನೆ, ವ್ಯವಸ್ಥೆ ಮಾತ್ರ ಒಂದೇ ವಿಳಾಸವನ್ನು ನಂಬಿ ಕೂತಿದೆ ಎಂಬಲ್ಲಿ.

ಗುಳೆಯ ಲೆಕ್ಕ ಶುರುವಾಗುವುದು ತೊಗರಿಯಿಂದ. ಮುಂಗಾರಿಗೆ ಬಿತ್ತಿದ್ದು ಡಿಸೆಂಬರ್–ಜನವರಿಗೆ ರಾಶಿಯಾಗುತ್ತದೆ. ಒಂದೇ ಬೆಳೆಯನ್ನು ನೆಚ್ಚಿದ ಒಣಬೇಸಾಯದಲ್ಲಿ ಅಲ್ಲಿಂದ ಮುಂದಿನ ಮಳೆಯವರೆಗೆ ಕೂಲಿ ಸಿಗುವುದು ಕಷ್ಟ. ನೆಟೆರೋಗ ಬಡಿದ ವರ್ಷ ರಾಶಿಗೂ ಕಾಯುವುದಿಲ್ಲ. ಮುಕಾದಮನಿಂದ ಮುಂಗಡ ತೆಗೆದುಕೊಂಡವರು ಕಬ್ಬು ಕಡಿಯಲು ದೀಪಾವಳಿಯ ಆಸುಪಾಸಿನಲ್ಲೇ ಹೊರಟಿರುತ್ತಾರೆ. ಉಳಿದವರು ಗೌಂಡಿ ಕೆಲಸ, ಸೆಂಟ್ರಿಂಗ್, ಮಣ್ಣು ಹೊರುವುದು, ಸೆಕ್ಯುರಿಟಿ, ಹೋಟೆಲು ಎಂದು ಚದುರುತ್ತಾರೆ. ಚಿಂಚೋಳಿಗೆ ರೈಲಿಲ್ಲ. ಅಲ್ಲಿನವರು ತಾಂಡೂರಿಗೆ ಹೋಗಿ ರೈಲು ಹಿಡಿಯುತ್ತಾರೆ, ಇಲ್ಲವೆ ಹೈದರಾಬಾದಿನ ಬಸ್ಸು ಹತ್ತುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ‘ವಲಸೆ ಕಾರ್ಮಿಕ’ ಎಂದೊಡನೆ ಹೆಂಡತಿಯನ್ನು ಊರಲ್ಲಿ ಬಿಟ್ಟು ಒಬ್ಬನೇ ಹೊರಟ ಗಂಡಸಿನ ಚಿತ್ರ ಕಣ್ಣಿಗೆ ಬರುತ್ತದೆ. ಲಂಬಾಣಿ ತಾಂಡಾಗಳ ಮಟ್ಟಿಗೆ ಅದು ಬಹುಪಾಲು ತಪ್ಪು ಚಿತ್ರ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಹೊರಡುತ್ತಾರೆ, ಮುದುಕರ ಕೈಗೆ ಮಕ್ಕಳನ್ನು ಒಪ್ಪಿಸಿ ಅಥವಾ ಮಕ್ಕಳನ್ನೂ ಕಟ್ಟಿಕೊಂಡು. ಒಂಟಿಯಾಗಿ ಹೋಗುವವರು ಹೆಚ್ಚಾಗಿ ಮದುವೆಯಾಗದ ಹುಡುಗರು, ಹೊಲದ ಜವಾಬ್ದಾರಿಗೆ ಹೆಂಡತಿಯನ್ನು ಬಿಟ್ಟು ಹೋಗುವ ಸಣ್ಣ ಹಿಡುವಳಿದಾರರು, ಪಟ್ಟಣದ ಕಡೆಯ ಐಟಿಐ ಓದಿದ ಯುವಕರು. ಇವರೆಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ‘ಅಪಾಯದ ಗುಂಪು’ ಎಂದರೆ ಆರೋಗ್ಯ ಇಲಾಖೆಗೆ ಸುಲಭವಾಗಬಹುದು, ಆದರೆ ಅಪಾಯ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 1992ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಆಗಿನ ವಿವರಣೆ ಸರಳವಾಗಿತ್ತು: ಸೋಂಕು ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳಲ್ಲಿದೆ, ಲಾರಿ ಚಾಲಕರೂ ವಲಸೆ ಕಾರ್ಮಿಕರೂ ಸೇತುವೆಯಾಗಿ ಅದನ್ನು ಹಳ್ಳಿಯ ಹೆಂಡತಿಗೆ ಮುಟ್ಟಿಸುತ್ತಾರೆ. ಉತ್ತರ ಕರ್ನಾಟಕದ ಮಟ್ಟಿಗೆ ಇದಕ್ಕೆ ಆಧಾರ ಇರಲಿಲ್ಲವೆಂದಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸುಮಾರಿಗೆ ಮನೆಮನೆಗೆ ಹೋಗಿ ರಕ್ತ ಪರೀಕ್ಷಿಸಿದಾಗ ವಯಸ್ಕರಲ್ಲಿ ಶೇ 3ರ ಆಸುಪಾಸು ಸೋಂಕು ಕಂಡಿತ್ತು. ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ನಗರದ ರೋಗವೆಂದು ತಿಳಿದದ್ದು ಹೊಲದ ಬದುವಿಗೆ ಬಂದು ನಿಂತಿತ್ತು. ಮ್ಯಾನಿಟೋಬ ವಿಶ್ವವಿದ್ಯಾಲಯದ ಶಿವ ಹಳ್ಳಿ, ಜೇಮ್ಸ್ ಬ್ಲಾಂಚರ್ಡ್, ಸ್ಟೀಫನ್ ಮೋಸೆಸ್ ಮೊದಲಾದವರು ಉತ್ತರ ಕರ್ನಾಟಕದ ಹಳ್ಳಿಗಳಿಂದ ಹೊರಗೆ ದುಡಿಯಲು ಹೋಗುವವರ ನಡುವೆ ಕೂತು ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹಳ್ಳಿಯ ಸಂಬಂಧಗಳ ಜಾಲವನ್ನೂ ನಗರದ ಸಂಬಂಧಗಳ ಜಾಲವನ್ನೂ ಬೇರೆ ಬೇರೆಯಾಗಿ ನೋಡಲಾಗದು ಎಂಬುದನ್ನು ಅಂಥ ಕೆಲಸಗಳು ತೋರಿಸಿಕೊಟ್ಟವು.

ಆದರೆ ಆಮೇಲೆ ಆದದ್ದೇನು? ಹಳ್ಳಿಗೆ ಹಳ್ಳಿಯೇ ಬರಿದಾಗುತ್ತದೆ ಎಂದು ಹೆದರಿಸಿದ ಭವಿಷ್ಯ ನಿಜವಾಗಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವಯಸ್ಸಿನ ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ 2000ದಿಂದ 2004ರೊಳಗೆ ಶೇ 1.7ರಿಂದ ಶೇ 1.1ಕ್ಕೆ ಇಳಿಯಿತು. 2016–17ರ ರಾಷ್ಟ್ರೀಯ ಕಣ್ಗಾವಲು ಸಮೀಕ್ಷೆಯಲ್ಲಿ ವಲಸೆ ಕಾರ್ಮಿಕರಲ್ಲಿ ಕಂಡದ್ದು ಶೇ 0.51, ದೂರದ ಲಾರಿ ಚಾಲಕರಲ್ಲಿ ಶೇ 0.86, ಗರ್ಭಿಣಿಯರಲ್ಲಿ ಶೇ 0.28. ಈ ಅಂಕಿಯನ್ನು ಎರಡು ರೀತಿಯಲ್ಲಿ ಓದಬಹುದು. ವಲಸಿಗರಲ್ಲಿ ಸೋಂಕು ಗರ್ಭಿಣಿಯರಿಗಿಂತ ಸುಮಾರು ಎರಡು ಪಟ್ಟು ಎನ್ನಬಹುದು. ಸಾವಿರ ವಲಸಿಗರನ್ನು ನಿಲ್ಲಿಸಿದರೆ 995 ಮಂದಿಗೆ ಸೋಂಕಿಲ್ಲ ಎಂದೂ ಓದಬಹುದು. ಗಾರೆ ಮೆತ್ತಿದ ಬಟ್ಟೆಯ ಹುಡುಗನನ್ನು ಕಂಡೊಡನೆ ಮೊದಲ ಓದು ನೆನಪಾಗುವ ಅಧಿಕಾರಿಗಳು ಎರಡನೆಯದನ್ನೂ ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಇಳಿಕೆ ಹೇಗಾಯಿತು ಎಂಬುದರಲ್ಲಿ ಒಂದು ವಿಪರ್ಯಾಸವಿದೆ. 2003ರ ನಂತರ ಗೇಟ್ಸ್ ಪ್ರತಿಷ್ಠಾನದ ‘ಅವಾಹನ್’, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆ ಎಲ್ಲರೂ ಗಮನ ಇಟ್ಟದ್ದು ಲೈಂಗಿಕ ವೃತ್ತಿಯ ಮಹಿಳೆಯರ ಮೇಲೆ. ಆ ಹೆಣ್ಣುಮಕ್ಕಳು ಸಂಘ ಕಟ್ಟಿದರು, ಪೊಲೀಸರ ಕಾಟವನ್ನು ಎದುರಿಸಿದರು, ಕಾಂಡೋಮ್ ಇಲ್ಲದೆ ಆಗದು ಎಂದು ಗಿರಾಕಿಗೆ ಹೇಳುವ ಧೈರ್ಯ ಬೆಳೆಸಿಕೊಂಡರು. ಗಂಡಸಿಗೆ ಲೈಂಗಿಕ ಆರೋಗ್ಯದ ಮೊದಲ ಪಾಠ ಹೇಳಿದವರು, ಇಲಾಖೆಗಿಂತ ಮುಂಚೆ, ಆ ಹೆಂಗಸರೇ. ಗಂಡಸಿನ ಜತೆ ನೇರ ಮಾತು ಆಮೇಲೂ ಸರಿಯಾಗಿ ಆಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾಂಡೋಮ್ ಬಳಸಿದರೆ ಎಚ್‌ಐವಿ ತಡೆಯಬಹುದೆಂದು ದೇಶದ ಶೇ 82ರಷ್ಟು ಗಂಡಸರಿಗೆ ಗೊತ್ತು. ಎಚ್‌ಐವಿ ಬಗ್ಗೆ ಸಮಗ್ರ ಸರಿ ತಿಳಿವಳಿಕೆ ಇರುವವರು ಶೇ 31 ಮಾತ್ರ. ‘ನಿರೋಧ್’ ಗೊತ್ತು, ಉಳಿದದ್ದು ಗೊತ್ತಿಲ್ಲ.

ಇನ್ನು ನಗರ. ಪುಣೆಯ ಅಥವಾ ಮುಂಬೈಯ ನಾಕಾದಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವ ಹುಡುಗನ ದಿನಚರಿಯನ್ನು ಒಮ್ಮೆ ನೋಡಿ. ಹತ್ತು ಬೈ ಹತ್ತರ ಖೋಲಿಯಲ್ಲಿ ಏಳೆಂಟು ಜನ. ಪಾಳಿಯ ಮೇಲೆ ನಿದ್ದೆ, ಪಾಳಿಯ ಮೇಲೆ ಅಡುಗೆ. ಮನೆಯಲ್ಲಿದ್ದಾಗ ಅಪ್ಪನ ಜೇಬಿಗೆ ಹೋಗುತ್ತಿದ್ದ ಕೂಲಿ ಈಗ ಅವನ ಕೈಗೇ ಬರುತ್ತದೆ. ವಾರದ ಬಟವಾಡೆಯ ಸಂಜೆ ಜತೆಗಾರರು ಕುಡಿಯಲು ಕರೆಯುತ್ತಾರೆ; ಕುಡಿದ ಮೇಲೆ ಮುಂದಿನದಕ್ಕೂ ಅವರೇ ಕರೆಯುತ್ತಾರೆ. ಹೋಗದವನನ್ನು ‘ಇವ ಗಂಡಸ ಹೌದೋ ಅಲ್ಲೋ’ ಎಂದು ಚುಡಾಯಿಸುತ್ತಾರೆ. ಮೊದಲ ಸಲ ಹಣ ಕೊಟ್ಟು ಹೋದವರಲ್ಲಿ ಹೆಚ್ಚಿನವರು ಒಬ್ಬರೇ ಹೋದವರಲ್ಲ, ಯಾರೋ ಕರೆದೊಯ್ದವರು. ಕುಡಿತ ಸೇರಿದಲ್ಲಿ ಕಾಂಡೋಮ್ ಬಿಟ್ಟುಹೋಗುತ್ತದೆ. ಇದಕ್ಕೆ ಯಾವ ಸಂಶೋಧನೆಯೂ ಬೇಕಿರಲಿಲ್ಲ, ಆದರೂ ಸಂಶೋಧನೆಗಳು ಮತ್ತೆ ಮತ್ತೆ ಅದನ್ನೇ ಹೇಳಿವೆ. 2007–08ರಲ್ಲಿ ಪಾಪ್ಯುಲೇಷನ್ ಕೌನ್ಸಿಲ್ ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳ ವಲಸೆ ಗಂಡಸರನ್ನು ಮಾತಾಡಿಸಿದಾಗ ಇನ್ನೂ ಒಂದು ಎಳೆ ಸಿಕ್ಕಿತು. ಒಂದೇ ಊರಿಗೆ ಹೋಗಿ ವರ್ಷಗಟ್ಟಲೆ ನೆಲೆ ನಿಂತವನಿಗಿಂತ, ಕೆಲಸ ಹುಡುಕುತ್ತ ಊರಿಂದೂರಿಗೆ ಮೇಲಿಂದ ಮೇಲೆ ಬದಲಾಗುವವನಲ್ಲಿ ಅಪಾಯದ ನಡವಳಿಕೆ ಹೆಚ್ಚು. ಗುತ್ತೇದಾರ ಆರು ತಿಂಗಳಲ್ಲಿ ಮೂರು ಸೈಟು ಬದಲಿಸಿದರೆ ಅದು ಬರೀ ಕೆಲಸದ ಅಭದ್ರತೆಯಲ್ಲ, ಆರೋಗ್ಯದ ಅಭದ್ರತೆಯೂ ಹೌದು.

ನಮ್ಮ ಕಡೆಯವರಿಗೂ ಮುಂಬೈಗೂ ಇರುವ ನಂಟು ಹಳೆಯದು. ಕಾಮಾಟಿಪುರಕ್ಕೆ ಆ ಹೆಸರು ಬಂದದ್ದೇ ನಿಜಾಮನ ಸೀಮೆಯಿಂದ ಕಟ್ಟಡ ಕೆಲಸಕ್ಕೆ ಹೋಗಿ ನೆಲೆಸಿದ ಕಾಮಾಟಿಗಳಿಂದ. ಸೇಡಂ, ಚಿತ್ತಾಪುರಗಳೂ ಆಗ ಅದೇ ನಿಜಾಮನ ಸೀಮೆಯೊಳಗೇ ಇದ್ದವು. ಮುಂದೆ ಅಲ್ಲಿನ ಓಣಿಗಳಿಗೂ ಪುಣೆಯ ಬುಧವಾರ ಪೇಟೆಗೂ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ದೇವದಾಸಿ ಹೆಣ್ಣುಮಕ್ಕಳನ್ನು ಸಾಗಿಸಿದರು; 1982ರಲ್ಲಿ ಕಾಯ್ದೆ ಬಂದ ಮೇಲೂ ಅದು ತಟ್ಟನೆ ನಿಲ್ಲಲಿಲ್ಲ. ಹೀಗಾಗಿ ಬರದ ನಾಡಿನ ಗಂಡಸು ದುಡಿಯಲು ಹೋದ ನಗರದಲ್ಲಿ ಬರದ ನಾಡಿನ ಹೆಣ್ಣನ್ನೇ, ಕನ್ನಡ ಮಾತಾಡುವವಳನ್ನೇ, ಭೇಟಿಯಾಗುತ್ತಿದ್ದ. ಅವನನ್ನೂ ಅವಳನ್ನೂ ಊರು ಬಿಡಿಸಿದ್ದು ಒಂದೇ ಬಡತನ. ಯಾರು ಯಾರಿಗೆ ರೋಗ ಕೊಟ್ಟರು ಎಂಬ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ಈಗ ಆ ಓಣಿಗಳು ಕುಗ್ಗುತ್ತಿವೆ. ವ್ಯವಹಾರ ಮೊಬೈಲಿಗೆ, ಲಾಡ್ಜಿಗೆ, ಬಾಡಿಗೆ ಮನೆಗೆ ಸರಿದಿದೆ. ಗೋಡೆಗೆ ಚಿತ್ರ ಬರೆದು, ಬೀದಿನಾಟಕ ಆಡಿ ಮುಟ್ಟಬಹುದಾಗಿದ್ದ ಗಿರಾಕಿ ಈಗ ಕಾಣುವುದೇ ಇಲ್ಲ. ಇನ್ನೊಂದು ಬಗೆಯ ಸಂಬಂಧವಂತೂ ಮೊದಲಿನಿಂದಲೂ ಕಾಣದ್ದು: ಗಂಡಸು ಗಂಡಸರ ನಡುವಿನದು. ಮೇಲೆ ಹೇಳಿದ 2016–17ರ ಕಣ್ಗಾವಲು ಸಮೀಕ್ಷೆಯಲ್ಲೇ ಗಂಡಸರೊಂದಿಗೆ ಸಂಬಂಧ ಇಟ್ಟುಕೊಂಡ ಗಂಡಸರಲ್ಲಿ ಸೋಂಕು ಶೇ 2.69 ಇತ್ತು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅಂಥ ಸಂಬಂಧ ಅಪರಾಧವಲ್ಲವೆಂದು ಹೇಳಿತು. ತಾಲೂಕು ಆಸ್ಪತ್ರೆಯ ಕೌಂಟರಿನಲ್ಲಿ ಮದುವೆಯಾದ ಗೌಂಡಿಯೊಬ್ಬ ಅದನ್ನು ಬಾಯಿಬಿಟ್ಟು ಹೇಳುವ ದಿನ ಇನ್ನೂ ಬಂದಿಲ್ಲ. ಕೇಳುವವರೂ ‘ಹೆಂಗಸರ ಹತ್ತಿರ ಹೋಗಿದ್ದಿರಾ’ ಎಂದಷ್ಟೇ ಕೇಳುತ್ತಾರೆ. ಅವನು ಇಲ್ಲ ಎನ್ನುತ್ತಾನೆ. ಅದು ಸುಳ್ಳೂ ಅಲ್ಲ.

ಹೋಗುವವರ ಮಾತಾಯಿತು, ಬರುವವರನ್ನು ಮರೆಯಬಾರದು. ಕಾರ್ಖಾನೆಯ ಕಾಯಂ ನೌಕರನಿಗೆ ಕಾಲೊನಿ, ದವಾಖಾನೆ, ಶಾಲೆ. ಅದೇ ಗೇಟಿನಲ್ಲಿ ಚೀಟಿ ತೋರಿಸಿ ಒಳಹೋಗುವ ಗುತ್ತಿಗೆಯ ಹುಡುಗನಿಗೆ ಊರ ಹೊರಗಿನ ತಗಡಿನ ಶೆಡ್ಡು. ಅವನ ಭಾಷೆ ಆಸ್ಪತ್ರೆಗೆ ಬಾರದು, ಆಸ್ಪತ್ರೆಯ ಭಾಷೆ ಅವನಿಗೆ ಬಾರದು. ಹಿಂದಿಯಲ್ಲಿ ಹೇಗೋ ಜ್ವರ, ಕೆಮ್ಮು ಹೇಳಿಕೊಂಡಾನು, ತೊಡೆಸಂದಿನ ಗಂಟನ್ನು ಹೇಗೆ ಹೇಳುವುದು? ಗೇಟಿನ ಹೊರಗೆ ಲೋಡಿಗಾಗಿ ಸಾಲುಗಟ್ಟಿ ನಿಂತ ಲಾರಿಗಳದು ಇನ್ನೊಂದು ಲೋಕ. ಪಾಳಿ ಬರುವವರೆಗೆ ಚಾಲಕನೂ ಕ್ಲೀನರನೂ ಲಾರಿಯ ಕೆಳಗೆ ಅಡುಗೆ ಮಾಡಿಕೊಂಡು, ಇಸ್ಪೀಟು ಆಡಿಕೊಂಡು ಕಾಲ ಕಳೆಯುತ್ತಾರೆ. ಅವಾಹನ್ ಕಾಲದಲ್ಲಿ ಹೆದ್ದಾರಿಗಳ ಲಾರಿ ತಂಗುದಾಣಗಳಲ್ಲಿ ‘ಖುಷಿ ಕ್ಲಿನಿಕ್’ ಎಂಬ ಹೆಸರಿನಲ್ಲಿ ಚಾಲಕರಿಗಾಗಿ ದವಾಖಾನೆಗಳು ನಡೆದವು. ಚಾಲಕ ನಿಂತಲ್ಲಿಗೇ ವೈದ್ಯರು ಹೋಗಬೇಕು ಎಂಬ ಆ ಉಪಾಯ ಒಳ್ಳೆಯದಿತ್ತು. ಸಿಮೆಂಟ್ ಕಾರ್ಖಾನೆಯ ಗೇಟಿಗಿಂತ ಅದಕ್ಕೆ ತಕ್ಕ ಜಾಗ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಎಚ್‌ಐವಿಯ ಮಾತೇ ಇಷ್ಟು ದೂರ ನಡೆಯಿತು. ನಿಜವಾಗಿ ದುಡಿಯುವ ಗಂಡಸರನ್ನು ದಿನಬೆಳಗಾದರೆ ಕಾಡುವುದು ಅದಲ್ಲ. ಉರಿಮೂತ್ರ, ಕೀವು, ಹುಣ್ಣು, ತುರಿ, ತೊಡೆಸಂದಿನ ಬಾವು. ಇವುಗಳನ್ನು ಹೊತ್ತುಕೊಂಡು ಅವನು ಮೊದಲು ಹೋಗುವುದು ಆಸ್ಪತ್ರೆಗಲ್ಲ, ಮೆಡಿಕಲ್ ಶಾಪಿಗೆ. ಅದೂ ಗಿರಾಕಿ ಇಲ್ಲದ ಹೊತ್ತು ನೋಡಿ. ಮಾತು ಹೆಚ್ಚೇನೂ ಇರುವುದಿಲ್ಲ.

‘ಅಣ್ಣಾ, ಭಾಳ ಹೀಟ್ ಆಗ್ಯಾದ. ಗುಳಗಿ ಕೊಡ್ರಿ.’

‘ಎಷ್ಟ ದಿನ ಆಯ್ತು?’

‘ನಾಕೈದ ದಿನ.’

ಅಂಗಡಿಯವನಿಗೆ ತಿಳಿಯುತ್ತದೆ. ಗಿರಾಕಿಗೂ ಅವನಿಗೆ ತಿಳಿಯಿತೆಂದು ತಿಳಿಯುತ್ತದೆ. ಮೂರು ದಿನದ್ದೋ ಎರಡು ದಿನದ್ದೋ, ಜೇಬಿನಲ್ಲಿ ಎಷ್ಟಿದೆಯೋ ಅಷ್ಟರ ಗುಳಗಿ ಕತ್ತರಿಸಿ ಕಾಗದದ ಚೀಲದಲ್ಲಿ ಕೈಗೆ ಬರುತ್ತದೆ. ಉರಿ ಕಡಿಮೆಯಾಗುತ್ತದೆ, ರೋಗಾಣು ಉಳಿಯುತ್ತದೆ. ಗೊನೊರಿಯಾ ಎಂಬ ರೋಗ ಹೀಗೆ ಅರ್ಧಂಬರ್ಧ ಔಷಧಿ ಕುಡಿದೇ ಒಂದೊಂದು ಔಷಧಿಗೂ ಜಗ್ಗದಂತಾಗಿದೆ. ಒಂದು ಕಾಲಕ್ಕೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಸಿನ್ ಈಗ ಅದರ ಮೇಲೆ ಕೆಲಸ ಮಾಡುವುದಿಲ್ಲ. ಅಂಗಡಿಗಳಲ್ಲಿ ಅದನ್ನು ಕೇಳುವವರೂ ಕೊಡುವವರೂ ಇನ್ನೂ ಇದ್ದಾರೆ.

ಪರಂಗಿ ಹುಣ್ಣು, ಅಂದರೆ ಸಿಫಿಲಿಸ್, ಇದಕ್ಕಿಂತ ಕಪಟಿ. ಮೊದಲ ಹುಣ್ಣು ನೋಯುವುದಿಲ್ಲ. ಮೂರರಿಂದ ಆರು ವಾರದಲ್ಲಿ ಏನೂ ಮಾಡದಿದ್ದರೂ ತಾನೇ ಮಾಯುತ್ತದೆ. ಹುಣ್ಣು ಮಾಯ್ದದ್ದರ ಕೀರ್ತಿ ಮಾತ್ರ ಆ ನಡುವೆ ಪುಡಿ ಕೊಟ್ಟ ನಾಟಿ ವೈದ್ಯನಿಗೆ ಹೋಗುತ್ತದೆ. ರೋಗ ಒಳಗೆ ಇಳಿದಿರುತ್ತದೆ, ಹೆಂಡತಿಗೆ ದಾಟಿರುತ್ತದೆ, ಹುಟ್ಟುವ ಮಗುವಿಗೂ ಮುಟ್ಟಬಹುದು. ಬೆಂಜಥೀನ್ ಪೆನಿಸಿಲಿನ್ನಿನ 24 ಲಕ್ಷ ಯೂನಿಟ್ಟಿನ ಒಂದು ಚುಚ್ಚುಮದ್ದು ಆರಂಭದ ಹಂತದಲ್ಲಿ ಇದನ್ನು ಗುಣಪಡಿಸುತ್ತದೆ. ಅಗ್ಗದ, ಹಳೆಯ ಔಷಧಿ. ಅದನ್ನು ಚುಚ್ಚುವವರ ಬಳಿಗೆ ಗಂಡಸನ್ನು ಕರೆತರುವುದೇ ದುಬಾರಿ.

ಅವನನ್ನು ಬೇರೆಡೆಗೆ ಎಳೆಯುವ ಜಾಹೀರಾತುಗಳೋ ಕಣ್ಣು ಕುಕ್ಕುತ್ತವೆ. ರೈಲ್ವೆ ಹಳಿಯ ಪಕ್ಕದ ಗೋಡೆಗಳು, ಸೇತುವೆ ಕಂಬಗಳು, ಬಸ್ ನಿಲ್ದಾಣದ ಮೂತ್ರಾಲಯಗಳು ‘ಗುಪ್ತರೋಗ’ ತಜ್ಞರ ಫೋನ್ ನಂಬರುಗಳಿಂದ ತುಂಬಿವೆ. ಲಾಡ್ಜಿನ ಕೋಣೆಯೊಂದರಲ್ಲಿ ತಿಂಗಳಿಗೊಮ್ಮೆ ಬಂದು ಕೂರುವ ಇವರು ಮಾರುವುದು ಮುಖ್ಯವಾಗಿ ಭಯವನ್ನು. ಧಾತು ಹೋಗುತ್ತದೆ, ಶಕ್ತಿ ಇಳಿಯುತ್ತದೆ, ಮದುವೆಯಾದರೆ ಮಾನ ಹೋಗುತ್ತದೆ. ಇಪ್ಪತ್ತರ ಹುಡುಗ ಒಂದು ತಿಂಗಳ ಕೂಲಿಯನ್ನು ಹೆಸರಿಲ್ಲದ ಡಬ್ಬಿಗೆ ಸುರಿದು ಬರುತ್ತಾನೆ. ಅವನಿಗೆ ರೋಗವೇ ಇರುವುದಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುವ, ಲೈಂಗಿಕ ರೋಗ ವಾಸಿಮಾಡುವ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷವಾಯಿತು, ಗೋಡೆಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಇದಕ್ಕೆದುರಾಗಿ ಸರ್ಕಾರದ ‘ಸುರಕ್ಷಾ ಕ್ಲಿನಿಕ್’ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? ಅಲ್ಲಿ ಔಷಧಿಗಳನ್ನು ಬಣ್ಣದ ಪೊಟ್ಟಣಗಳಾಗಿ ಕಟ್ಟಿಟ್ಟಿರುತ್ತಾರೆ, ಒಟ್ಟು ಏಳು. ಕೀವು ಬರುತ್ತಿದ್ದರೆ ಬೂದು ಬಣ್ಣದ್ದು: ಅಜಿಥ್ರೊಮೈಸಿನ್ ಮತ್ತು ಸೆಫಿಕ್ಸಿಮ್, ಎರಡನ್ನೂ ಅಲ್ಲೇ, ಸಿಬ್ಬಂದಿಯ ಕಣ್ಣೆದುರೇ ಒಂದೇ ಸಲಕ್ಕೆ ನುಂಗುವುದು. ಹುಣ್ಣಿಗೆ ಬಿಳಿ, ಪೆನಿಸಿಲಿನ್ ಒಗ್ಗದವರಿಗೆ ನೀಲಿ, ಸರ್ಪಸುತ್ತಿನ ಜಾತಿಯ ಹರ್ಪಿಸ್ ಗುಳ್ಳೆಗಳಿಗೆ ಕೆಂಪು, ತೊಡೆಸಂದಿನ ಬಾವಿಗೆ ಕಪ್ಪು. ಪ್ರಯೋಗಾಲಯದ ವರದಿಗೆ ಕಾಯದೆ ಲಕ್ಷಣ ನೋಡಿ ಅಂದೇ ಕೊಡುವ ಈ ಪದ್ಧತಿ, ನಾಳೆ ಊರಲ್ಲಿರುವುದು ಖಾತ್ರಿಯಿಲ್ಲದ ಮನುಷ್ಯನಿಗೆಂದೇ ಹೊಲಿದಂತಿದೆ. ಎಲ್ಲವೂ ಉಚಿತ. ಆದರೆ ಜತೆಗಾರಳಿಗೂ ಚಿಕಿತ್ಸೆ ಆಗದಿದ್ದರೆ ರೋಗ ವಾಪಸು ಬರುತ್ತದೆ. ‘ಹೆಂಡತಿಯನ್ನು ಕರಕೊಂಡು ಬನ್ನಿ’ ಎಂದು ಪುಣೆಯ ಕ್ಲಿನಿಕ್ಕಿನಲ್ಲಿ ಹೇಳಿದರೆ ಹೆಂಡತಿ ಚಿತ್ತಾಪುರದಲ್ಲಿರುತ್ತಾಳೆ.

ಆ ಹೆಂಡತಿಯ ಪಾಡೇ ಈ ಇಡೀ ವಿಷಯದ ಅತಿ ಕಷ್ಟದ ಭಾಗ. ಗಂಡ ಎಂದೂ ಪರೀಕ್ಷೆಗೆ ಹೋಗುವುದಿಲ್ಲ. ಅವಳು ಬಸುರಿಯಾದಾಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡುತ್ತಾಳೆ. ಎಚ್‌ಐವಿ, ಸಿಫಿಲಿಸ್ ಎರಡನ್ನೂ ನೋಡುತ್ತಾರೆ. ಮನೆಯಲ್ಲಿ ಮೊದಲು ಪತ್ತೆಯಾಗುವುದು ಅವಳದು. ಮೊದಲು ಪತ್ತೆಯಾದವಳೇ ತಂದವಳು ಎಂಬುದು ಅತ್ತೆಮನೆಯ ನ್ಯಾಯ. ದೂರದಲ್ಲಿರುವ ಗಂಡನಿಗೆ ಫೋನಿನಲ್ಲಿ ಸುದ್ದಿ ಹೋಗುವ ಹೊತ್ತಿಗೆ ಊರಿಗೆ ಊರೇ ತೀರ್ಪು ಕೊಟ್ಟಿರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಗಣಿಗೆ ಗುಳೆ ಹೋಗುವ ಗಂಡಸರ ಮತ್ತು ಊರಲ್ಲುಳಿದ ಹೆಂಡಂದಿರ ಕುರಿತು ಮಾರ್ಕ್ ಲ್ಯೂರಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ, ಸೇತುವೆಯ ಸಿದ್ಧಾಂತವನ್ನೇ ಅಲುಗಾಡಿಸಿತ್ತು. ಇಬ್ಬರಲ್ಲಿ ಒಬ್ಬರಿಗಷ್ಟೇ ಸೋಂಕಿದ್ದ ಜೋಡಿಗಳ ಪೈಕಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಸೋಂಕಿದ್ದದ್ದು ಹೆಂಡತಿಗೆ. ಇದನ್ನು ಹೆಣ್ಣಿನ ಮೇಲಿನ ದೂರಾಗಿ ಓದುವವರು ಓದಿಯಾರು. ವಲಸೆ ಎರಡೂ ತುದಿಯಲ್ಲಿ ಒಂಟಿತನ ಹುಟ್ಟಿಸುತ್ತದೆ, ಊರಲ್ಲುಳಿದ ಒಂಟಿ ಹೆಣ್ಣಿನ ಮೇಲೆ ಬೀಳುವ ಒತ್ತಾಯ, ಬಲಾತ್ಕಾರಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಸೋಂಕಿತರ ಹಕ್ಕಿಗಾಗಿ ಬಂದ 2017ರ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸದಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ಹೊಡೆತಕ್ಕೋ ಮನೆಯಿಂದ ಹೊರದಬ್ಬುವುದಕ್ಕೋ ಹೆದರುವ ಹೆಣ್ಣಿಗೆ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ಅತ್ತೆಮನೆಯ ಪಡಸಾಲೆಯವರೆಗೆ ಅದು ಬಂದದ್ದನ್ನು ನಾನು ಕಂಡಿಲ್ಲ.

ಚಿಕಿತ್ಸೆಯ ವಿಜ್ಞಾನವೇನೋ ಈ ಇಪ್ಪತ್ತು ವರ್ಷದಲ್ಲಿ ಬಹಳ ಮುಂದೆ ಬಂದಿದೆ. 2004ರ ಏಪ್ರಿಲ್‌ನಿಂದ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಉಚಿತ. 2017ರಿಂದ ಸೋಂಕು ಗೊತ್ತಾದ ಕೂಡಲೇ ಚಿಕಿತ್ಸೆ ಶುರು. ಈಗ ದಿನಕ್ಕೊಂದೇ ಮಾತ್ರೆ. ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದವನಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಹಳ್ಳಿಯವರೆಗೆ ಇನ್ನೂ ಮುಟ್ಟದ ಅತಿ ಮುಖ್ಯ ಸುದ್ದಿ ಇದು. ಎಲ್ಲವೂ ನಿಂತಿರುವುದು ‘ತಪ್ಪದೆ’ ಎಂಬ ಮಾತಿನ ಮೇಲೆ. ತೊಡಕು ಪರೀಕ್ಷೆಯಲ್ಲೇ ಶುರುವಾಗುತ್ತದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಮೂರು ತಿಂಗಳ ಮೇಲೆ ಮತ್ತೆ ಬನ್ನಿ ಎನ್ನುತ್ತಾರೆ. ಮೂರು ತಿಂಗಳ ಮೇಲೆ ಅವನು ಬೇರೆ ರಾಜ್ಯದಲ್ಲಿರುತ್ತಾನೆ. ಚಿಕಿತ್ಸೆ ಶುರುವಾದವನದೂ ಇದೇ ಗೋಳು. ಚಿಂಚೋಳಿಯಿಂದ ಕಲಬುರಗಿಯ ಎಆರ್‌ಟಿ ಕೇಂದ್ರಕ್ಕೆ ಎಂಬತ್ತು ಕಿಲೋಮೀಟರಿನ ಹಾದಿ, ಒಂದು ದಿನದ ಕೂಲಿ ಹೋದಂತೆಯೇ. ಆರೋಗ್ಯ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ವ್ಯವಸ್ಥೆ ಬಂದಿದೆ, ಪ್ರಯಾಣದಲ್ಲಿರುವವರು ಬೇರೆ ಊರಿನ ಕೇಂದ್ರದಲ್ಲಿ ಮಾತ್ರೆ ಪಡೆಯುವ ಅವಕಾಶವೂ ಉಂಟು. ಆದರೆ ಖೋಲಿಯ ಏಳು ಜನರ ಕಣ್ಣಿಗೆ ಬೀಳದಂತೆ ಆ ಡಬ್ಬಿಯನ್ನು ಎಲ್ಲಿಡುವುದು? ಎಷ್ಟೋ ಜನ ಮಾತ್ರೆ ಬಿಡುವುದು ಸಿಗದೆ ಅಲ್ಲ, ಬಚ್ಚಿಡಲು ಜಾಗ ಸಾಲದೆ.

ಆಡಳಿತಕ್ಕೆ ಈ ಗಂಡಸರು ಯಾರು, ಎಲ್ಲಿಗೆ ಹೋಗುತ್ತಾರೆ ಎಂದು ಒಮ್ಮೆ ಗೊತ್ತಾಗಿತ್ತು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದೇ ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಜನ ಸಾವಿರಗಟ್ಟಲೆ ಮರಳಿದರು. ರಾಜ್ಯ ಸರ್ಕಾರದ ‘ಸೇವಾ ಸಿಂಧು’ ಜಾಲತಾಣದಲ್ಲಿ ಹೆಸರು, ಫೋನು, ಬಂದ ಊರು, ಹೋಗುವ ಊರು ಎಲ್ಲ ದಾಖಲಾಯಿತು, ಶಾಲೆಗಳಲ್ಲಿ ಅವರನ್ನು ಇಳಿಸಿ ಎರಡು ವಾರ ಕಾದರು. ಗುಳೆಯ ನಕ್ಷೆಯೊಂದು ತಾನಾಗಿ ಕೈಗೆ ಬಂದಿತ್ತು. ಕೋವಿಡ್ ಮುಗಿಯಿತು, ಆ ನಕ್ಷೆಯನ್ನು ಕ್ಷಯಕ್ಕಾಗಲಿ ಲೈಂಗಿಕ ಆರೋಗ್ಯಕ್ಕಾಗಲಿ ಬಳಸುವ ಯೋಚನೆ ಯಾರಿಗೂ ಬಂದಂತೆ ಕಾಣಲಿಲ್ಲ. ಈ ಸೀಮೆಯ ಫರ್ಸಿ ಕಲ್ಲಿನ (ಹಾಸುಗಲ್ಲಿನ) ಗಣಿಗಳ ದೂಳಿನಲ್ಲಿ ದುಡಿದವರಲ್ಲಿ ಕ್ಷಯದ ಅಪಾಯ ಮೊದಲೇ ಹೆಚ್ಚು. ಎಚ್‌ಐವಿ ಜತೆಗೂಡಿದರೆ ಅದೇ ಜೀವ ತೆಗೆಯುವುದು.

ಕಾನೂನಿನ ಕಡೆಯಿಂದ ನೋಡಿದರೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ವಾಸಯೋಗ್ಯ ವಸತಿ, ಉಚಿತ ವೈದ್ಯಕೀಯ ಸೌಲಭ್ಯ ಗುತ್ತೇದಾರನ ಹೊಣೆಯಾಗಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸೈಟಿನಲ್ಲಿ ತಾತ್ಕಾಲಿಕ ವಸತಿ ಕೊಡಬೇಕೆಂದಿತು. ಸೋದರಮಾವನ ಜತೆ ರೈಲು ಹತ್ತಿ ನಾಕಾದಲ್ಲಿ ನಿಲ್ಲುವವನಿಗೆ ಗುತ್ತೇದಾರನೇ ಇಲ್ಲ, ಹಾಗಾಗಿ ಕಾಯ್ದೆಯೂ ಇಲ್ಲ. ಖೋಲಿಯಲ್ಲಿ ಏಳು ಜನರ ಬದಲು ಒಂದು ಸಂಸಾರ ಇರಬಹುದಾದ ಮನೆ ಸಿಕ್ಕರೆ ಅಪಾಯ ಅರ್ಧಕ್ಕೆ ಇಳಿಯುತ್ತದೆಂದು ಹೇಳಲು ನನಗೆ ಅಂಕಿಅಂಶ ಬೇಡ. ಅಂಥ ಮನೆಯನ್ನು ಆರೋಗ್ಯ ಇಲಾಖೆ ಕಟ್ಟಿಸಲಾರದು, ಸರಿ. ಅದರ ಕೈಯಲ್ಲಿರುವುದು ವೇಳಾಪಟ್ಟಿ. ಗುಳೆ ಹೋದವರು ಊರಿಗೆ ಮರಳುವುದು ಯುಗಾದಿಗೆ, ದೀಪಾವಳಿಗೆ, ಜಾತ್ರೆಗೆ, ತಾಂಡಾಗಳಲ್ಲಿ ಹೋಳಿಗೆ ಮತ್ತು ಫೆಬ್ರುವರಿಯ ಸೇವಾಲಾಲ್ ಜಯಂತಿಗೆ. ಹಬ್ಬದ ಹೊತ್ತಿಗೆ ಊರಲ್ಲೇ ಶಿಬಿರ ಹಾಕಬೇಕೆಂದು ಏಡ್ಸ್ ನಿಯಂತ್ರಣ ಸಂಸ್ಥೆಯ ವಲಸೆ ಯೋಜನೆಯಲ್ಲೂ ಇದೆ. ಹಾಕಿದಾಗ ಬರೀ ಎಚ್‌ಐವಿ ಎಂದು ಫಲಕ ತೂಗುಹಾಕಿದರೆ ಆ ಡೇರೆಗೆ ಯಾವ ಗಂಡಸೂ ಹಗಲು ಕಾಲಿಡುವುದಿಲ್ಲ. ಬಿಪಿ, ಸಕ್ಕರೆ, ಕಣ್ಣು, ಬೆನ್ನುನೋವು ಎಂದು ಬರೆದು ಒಳಗೆ ಎಲ್ಲವನ್ನೂ ನೋಡಬೇಕು. ಇನ್ನು ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನೆಯ ಕೋಣೆ ತೆರೆದಿರುವುದು ಕಚೇರಿ ವೇಳೆಯಲ್ಲಿ. ಹಗಲ ಪಾಳಿಯವನು ಹೊರಬೀಳುವ ಹೊತ್ತಿಗೆ ಅದರ ಬೀಗ ಬಿದ್ದಿರುತ್ತದೆ. ವಾರದಲ್ಲಿ ಎರಡು ದಿನ, ಬಟವಾಡೆಯ ದಿನವೂ ಅದರಲ್ಲಿ ಸೇರಿ, ವಾಡಿಯಲ್ಲೂ ಸೇಡಂನಲ್ಲೂ ಅದನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಲು ಹೊಸ ಯೋಜನೆಯಾಗಲಿ, ಹೊಸ ಕಾಯ್ದೆಯಾಗಲಿ ಬೇಕಿಲ್ಲ. ಒಬ್ಬ ಸಮಾಲೋಚಕನ ಪಾಳಿ ಬದಲಿಸಬೇಕು, ಅವನಿಗೆ ಹಿಂದಿ ಬರಬೇಕು. ಅಲ್ಲಿಯವರೆಗೆ 1097 ಎಂಬ ಉಚಿತ ಸಹಾಯವಾಣಿಯ ನಂಬರನ್ನಾದರೂ ಆ ‘ಗುಪ್ತರೋಗ’ ಗೋಡೆಗಳ ಮೇಲೆ, ಅದೇ ಗಾತ್ರದ ಅಕ್ಷರದಲ್ಲಿ ಬರೆಸಬಹುದು.